ಹಳದಿ ಗೋಡೆ

ಅನಾಥಾಶ್ರಮದ ಮಕ್ಕಳೆಲ್ಲ ವಾರ್ಡನ್ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮಕ್ಕಳನ್ನು ಕೇಳದೆ ತಾನು ಒಂದು ಪರದೆಯನ್ನೂ ಬದಲಿಸುವುದಿಲ್ಲ ಎಂದು ಆಕೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು.

ಮಲಗುವ ಕೋಣೆಗೆ ಯಾವ ಬಣ್ಣ ಬಳಿಸೋಣ ಎಂದು ಕೇಳಿದಾಗ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಥಟ್ಟನೆ ಹಳದಿ ಎಂದಳು. ಅಲ್ಲೇ ಜೊತೆಗಿದ್ದ ತಂಗಿಗೆ ಅದೇ ಇಷ್ಟವಂತೆ. ಹಳದಿಯನ್ನೇ ಬಳಿಸಿದರು. ಬಣ್ಣ ಒಣಗುವ ಮೊದಲೇ, ಇಲ್ಲಿ ಜಾಗ ಸಾಲದೆಂದು ತಂಗಿಯನ್ನು ದೂರದ ಇನ್ನೊಂದು ಆಶ್ರಮಕ್ಕೆ ಸಾಗಹಾಕಿದರು. ಕಾಗದಕ್ಕೆ ಸಹಿ ದೊಡ್ಡಮ್ಮನದೇ.

"ಬಣ್ಣ ಕೇಳಿದ್ರಲ್ಲ ದೊಡ್ಡಮ್ಮ, ಇದನ್ನ ಯಾಕೆ ಕೇಳ್ಲಿಲ್ಲ?" ಎಂದಳು ಅಕ್ಕ.

"ಅದೆಲ್ಲ ದೊಡ್ಡೋರ ವಿಷಯ ಕಣೇ, ಸುಮ್ನಿರು!"

ಅಂದಿನಿಂದ ಏನು ಕೇಳಿದರೂ ಹುಡುಗಿಯದು ಒಂದೇ ಮಾತು: "ನಿಮ್ಮಿಷ್ಟ."

ನಿವೃತ್ತರಾದ ದೊಡ್ಡಮ್ಮ ಈಗ ಆ ತಂಗಿಯ ಹೆಸರು ಹೊಳೆಯದೆ ದಿನವೂ ತಲೆ ಚಚ್ಚಿಕೊಳ್ಳುತ್ತಾರೆ. ಹಾಳಾದ್ದು, ನೆನಪಿಗೆ ಬರುವುದು ಬಣ್ಣವೊಂದೇ.