ಹೊಗೆಯ ಅರ್ಜಿ

ಕೊಡಿಯಾಲ್‌ಬೈಲಿನ ಆ ಓಣಿಗೆ ಕಾಗದ ಬಂದರೆ ಅಂಚೆಯವನಿಗಿಂತ ಹೆಚ್ಚು ಕೆಲಸ ಗ್ಲ್ಯಾಡಿಸ್ ಟೀಚರಿಗೆ. ಪಕ್ಕದ ಮನೆಯ ವಿಧವೆ ಗುಲಾಬಿಗೆ ಬೊಂಬಾಯಿಯ ಅಣ್ಣ ಬರೆದದ್ದನ್ನೆಲ್ಲ ಓದಿ ಹೇಳಿ, ಉತ್ತರ ಗೀಚಿ ಕೊಡುತ್ತಿದ್ದವಳು ಅವಳೇ. ಅಕ್ಷರ ಬಲ್ಲವರ ದೊಡ್ಡಸ್ತಿಕೆ ಇಷ್ಟೇ ನೋಡಿ, ಅಕ್ಷರ ಬಾರದವರು ಅವರನ್ನು ನಂಬುತ್ತಾರೆ.

ಗುಲಾಬಿಯ ಹೊಟ್ಟೆಪಾಡು ಭತ್ತ ಬೇಯಿಸಿ ಕುಚ್ಚಲಕ್ಕಿ ಮಾರುವುದು. ಅಂಗಳದಲ್ಲಿ ದೊಡ್ಡ ಹಂಡೆ, ಅಡಿಯಲ್ಲಿ ತೆಂಗಿನ ಸಿಪ್ಪೆ, ಅರೆಹಸಿ ಸೌದೆ. ವಾರಕ್ಕೆ ಮೂರು ಬೆಳಗ್ಗೆ ಹೊಗೆ ಬೇಲಿ ದಾಟಿ ನೇರ ಗ್ಲ್ಯಾಡಿಸಳ ಕಿಟಕಿಗೆ. ಗ್ಲ್ಯಾಡಿಸಳಿಗೋ ದಮ್ಮು. ೧೯೫೭ರ ಡಿಸೆಂಬರಿನಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಉಸಿರು ಸಿಕ್ಕದೆ ಮೇಜು ಹಿಡಿದು ನಿಂತಳು. ಇನ್ನೊಮ್ಮೆ ಹೀಗಾದರೆ ಕೆಲಸ ಬಿಡಬೇಕಾದೀತು ಎಂದರು ಹೆಡ್‌ಮಿಸ್ಟ್ರೆಸ್. ಹೆದರದೆ ಏನು ಮಾಡಿಯಾಳು? ಮನೆ ನಡೆಯುತ್ತಿದ್ದದ್ದೇ ಅವಳ ದುಡಿಮೆಯಲ್ಲಿ.

ಬೇಲಿಯ ಹತ್ತಿರ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮುನ್ಸಿಪಾಲಿಟಿಗೆ ಅರ್ಜಿ ಬರೆದಳು. ಮೂರು ಸಲ ತಿದ್ದಿ, ಕೆಳಗೆ ‘ನೊಂದ ನೆರೆಕರೆಯವರು’ ಎಂದಷ್ಟೇ ಹಾಕಿದಳು. ತನ್ನದೇ ಬಚ್ಚಲೊಲೆಯ ಸುದ್ದಿ ಅದರಲ್ಲಿರಲಿಲ್ಲ. ಗಂಡ ಜೊಕಿಮನಿಗೆ ಸಂಜೆ ಸುಡುಸುಡು ನೀರೇ ಬೇಕು. ತೆಂಗಿನ ಮಡಲು ಉರಿಸಿ, ಕೆಮ್ಮುತ್ತ ಕಾಯಿಸುವವಳು ಇವಳೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಕಂಡದ್ದು ಪಕ್ಕದೆಲೆಯ ನೊಣ.

ತಿಂಗಳು ಕಳೆದು ಗುಲಾಬಿ ಲಕೋಟೆ ಹಿಡಿದು ಬಂದಳು. "ಇದೆಂತ ಬಾಯಮ್ಮ? ಮುನ್ಸಿಪಾಲಿಟಿಯವ ಕೊಟ್ಟು ಹೋದ. ಸ್ವಲ್ಪ ಓದಿ ಹೇಳ್ತೀರಾ?"

ಅಂಗಳದಲ್ಲಿ ಇನ್ನು ಒಲೆ ಹೂಡಬಾರದೆಂಬ ನೋಟೀಸು. ಜೊತೆಗೆ ಟೈಪು ಮಾಡಿದ ಅರ್ಜಿಯ ನಕಲು. ಗ್ಲ್ಯಾಡಿಸ್ ಅದನ್ನೂ ಓದಿದಳು. ‘ಸದರಿ ಹೊಗೆಯಿಂದ ಉಸಿರಾಡುವುದೇ ಕಷ್ಟವಾಗಿ...’ ಕಣ್ಣು ಕಿಟಕಿಯ ಸರಳಿನ ಮೇಲಿತ್ತು.

"ಯಾರು ಬರೆದದ್ದು?"

"ಹೆಸರಿಲ್ಲ ಗುಲಾಬಿ."

ಅದು ಸುಳ್ಳೇನಲ್ಲ. ಅಂಥ ನಿಜಕ್ಕಿಂತ ಸುಳ್ಳೇ ಎಷ್ಟೋ ಮೇಲು.

ಹಂಡೆ ಬೋರಲಾಯಿತು. ಗುಲಾಬಿ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಬೀಜ ಹುರಿಯುವ ಕಡೆಯೇ ಕೂತು ಒಡೆಯುವ ಕೆಲಸ. ಆ ಹೊಗೆಯ ಮುಂದೆ ಸಿಪ್ಪೆಯ ಹೊಗೆ ಸಾಂಬ್ರಾಣಿ. ಗ್ಲ್ಯಾಡಿಸಳ ಕೆಲಸವೇನೋ ಉಳಿಯಿತು. ದಮ್ಮು ಹೋಯಿತೇ? ಎಲ್ಲಿಂದ ಹೋಗಬೇಕು! ಬಚ್ಚಲೊಲೆ ಉರಿಯುತ್ತಲೇ ಇತ್ತು. ಬೊಂಬಾಯಿಯ ಕಾಗದ ಹಿಡಿದು ಗುಲಾಬಿ ಬರುತ್ತಲೇ ಇದ್ದಳು.

ನಾಲ್ಕು ವರ್ಷದ ಮೇಲೆ ಒಂದು ಭಾನುವಾರ ಅವಳು ತಂದದ್ದು ಡಾಕ್ಟರ ಚೀಟಿ. ಮೆಟ್ಟಿಲು ಹತ್ತಲಾಗದೆ ಅಲ್ಲೇ ಕೂತಳು. ಗ್ಲ್ಯಾಡಿಸ್ ಚೀಟಿಯನ್ನು ಎರಡು ಸಲ ಓದಿಕೊಂಡಳು.

"ದಮ್ಮು ಗುಲಾಬಿ. ಹೊಗೆಯ ಕೆಲಸ ಬಿಡ್ಬೇಕಂತೆ."

"ಇವತ್ತು ಕಾಗದ ನೋಡಿ ಓದಿದ್ರಿ," ಎಂದಳು ಗುಲಾಬಿ. "ಆ ಹೊಗೆಯ ಅರ್ಜಿ ಓದುವಾಗ ನೀವು ಕಾಗದ ನೋಡ್ಲೇ ಇಲ್ಲ ಬಾಯಮ್ಮ. ಪೂರಾ ಬಾಯಿಪಾಠ ಇತ್ತು ನಿಮ್ಗೆ."

ಗ್ಲ್ಯಾಡಿಸ್ ಚೀಟಿ ಮಡಚಿದಳು. "ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಬಂದದ್ದು?"

"ಓದಿ ಹೇಳ್ಲಿಕ್ಕೆ ನನಗೆ ಬೇರೆ ಯಾರುಂಟು?" ಎಂದು ಗುಲಾಬಿ ಚೀಟಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು.