ಬಗ್ಗದ ಮೊಣಕಾಲು

ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಕಪ್ಪೆ ಹಿಡಿದು ತರುತ್ತಿದ್ದ ಅಟೆಂಡರ್ ಬಸಪ್ಪ ಒಂದು ನಸುಕಿನಲ್ಲಿ ತೀರಿಕೊಂಡ. ಶಿರಸಿಯಿಂದ ಹಾವೇರಿ ದಾರಿಯಲ್ಲಿದ್ದ ಅವನ ಊರಿಗೆ ಹೋದೆ. ಅವರಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಮೈ ಬೆಚ್ಚಗಿರುವಾಗಲೇ ಕೂರಿಸಿಬಿಡಬೇಕು. ಆದರೆ ಅವನ ಹೆಂಡತಿ, ಯಲ್ಲಾಪುರದಿಂದ ಗಂಡನ ಅಣ್ಣ ಬಂದು ಮುಖ ನೋಡಲಿ ಎಂದು ಮಲಗಿಸಿಯೇ ಇಟ್ಟಿದ್ದಳು. ತಮ್ಮನೊಡನೆ ಹತ್ತು ವರ್ಷ ಮಾತು ಬಿಟ್ಟಿದ್ದ ಆ ಅಣ್ಣ ಮಧ್ಯಾಹ್ನ ಬಂದಾಗ ಮೈ ಸೆಟೆದುಹೋಗಿತ್ತು. ನಾಲ್ವರು ಒತ್ತಿದರೂ ಮೊಣಕಾಲು ಬಗ್ಗಲಿಲ್ಲ.

"ನನ್ನ ಮುಂದ ಬಗ್ಗಂಗಿಲ್ಲ ಅಂತ ಹಟಾ ಹಿಡದಾನ್ರೀ," ಎಂದು ಅಣ್ಣ ಕುಸಿದು ಕೂತ.

ನನ್ನಂಥ ಮೇಷ್ಟರಿಗೆ ಸುಮ್ಮನಿರಲು ಬರುತ್ತದೆಯೇ? "ಹಟ ಅಲ್ಲ," ಎಂದೆ. "ಸ್ನಾಯುವಿನ ಒಂದೊಂದು ಜೀವಕೋಶದೊಳಗೂ ಎರಡು ನಮೂನೆ ಎಳೆ ಇರ್ತವೆ. ಒಂದು ಇನ್ನೊಂದನ್ನು ಹಿಡಿದು ಜಗ್ತದೆ, ಬಿಡ್ತದೆ, ಮತ್ತೆ ಹಿಡೀತದೆ. ಸ್ನಾಯು ಕುಗ್ಗೋದು ಹಾಗೇ. ಆದರೆ ಹಿಡಿದದ್ದನ್ನು ಬಿಡೋದಕ್ಕೂ ಶಕ್ತಿ ಬೇಕು. ಉಸಿರು ನಿಂತ ಮೇಲೆ ಅದು ಎಲ್ಲಿಂದ ಬರಬೇಕು?"

"ಹಂಗಾರ ಯಾವಾಗ ಬಿಡತೈತ್ರೀ?" ಅಣ್ಣ ಕೇಳಿದ.

"ಕೊಳೆಯೋಕೆ ಶುರುವಾದ ಮೇಲೆ." ಬಾಯಿಂದ ಬಂದೇಬಿಟ್ಟಿತು. ಬಸಪ್ಪನ ಹೆಂಡತಿ ಅಲ್ಲೇ ತಲೆದಿಂಬಿನ ಹತ್ತಿರ ಕೂತಿದ್ದಳು.

ಅಣ್ಣ ಬಿಸಿನೀರು ತರಿಸಿದ. ಯಾರನ್ನೂ ಹತ್ತಿರ ಬಿಡದೆ ತಮ್ಮನ ಮೊಣಕಾಲನ್ನು ಸಂಜೆತನಕ ತಿಕ್ಕಿದ. ಕೊನೆಗೆ ಲಟಕ್ಕನೆ ಬಗ್ಗಿತು. ಆ ಸದ್ದು ಅಂಗಳದವರೆಗೂ ಕೇಳಿತು.

ಸತ್ತ ಸ್ನಾಯು ಏಕೆ ಸೆಟೆಯುತ್ತದೆ, ಯಾವಾಗ ಬಿಡುತ್ತದೆ ಎಂದು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದೆ. ಈಗ ಮೊದಲನೆಯದನ್ನಷ್ಟೇ ಕೇಳುತ್ತೇನೆ. ಎರಡೂ ಅಂಕ ಅದಕ್ಕೇ.