ಜಿಪ್ಪಿಲ್ಲದ ಪ್ಯಾಂಟು

ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಿಂದ ಹೊರಗಿನ ಅಂಗಡಿಗಳಿಗೆ ಮಾಲು ಕೊಡಿಸುವುದು ನನ್ನ ಕೆಲಸ. ಒಮ್ಮೆ ಪರವೂರಿನ ವ್ಯಾಪಾರಿಯೊಬ್ಬ ದೊಡ್ಡ ಆರ್ಡರಿನ ಜತೆ ಷರತ್ತನ್ನೂ ಹಾಕಿದ: ಮುಸ್ಲಿಮರ ಕೈ ತಾಗಿದ ಬಟ್ಟೆ ಬೇಡ. ಶೆಡ್ಡಿನ ಒಡತಿ ಬಸಮ್ಮನವರ ಕಿವಿಯಲ್ಲಷ್ಟೇ ಹೇಳೋಣವೆಂದುಕೊಂಡಿದ್ದೆ. ಮಷಿನ್ನುಗಳ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. ಎಲ್ಲ ಮಷಿನ್ನೂ ನಿಂತವು.

"ನಮ್ಮಲ್ಲಿ ಜಿಪ್ಪು ಹಚ್ಚೋರು ಖಾಜಾಸಾಬ್ರು ಒಬ್ರೇ" ಎಂದರು ಬಸಮ್ಮ. "ಜಿಪ್ಪಿಲ್ದ ಪ್ಯಾಂಟು ಒಯ್ತಾರೇನು, ಕೇಳ್ರಿ."

"ಹಂಗಾದ್ರ ನಾ ಹೊಲ್ದ ಜೇಬೂ ಬ್ಯಾಡ" ಎಂದಳು ಕುರುಗೋಡಿನಿಂದ ದಿನಾ ಬಸ್ಸಿಗೆ ಬರುವ ಹುಲಿಗೆಮ್ಮ.

"ನನ್ನ ಸೊಂಟದ ಪಟ್ಟೀನೂ ಬ್ಯಾಡ" ಎಂದ ವೀರೇಶ.

ಆ ತಿಂಗಳು ಅವರಿಗೆ ಬೇರೆ ಆರ್ಡರ್ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಖಾಜಾಸಾಬರು ಕನ್ನಡಕ ಸರಿಪಡಿಸಿಕೊಂಡು ನನ್ನ ಪ್ಯಾಂಟನ್ನೇ ನೋಡಿದರು. "ಸಾರ್, ನೀವು ಹಾಕ್ಕೊಂಡಿದ್ದೂ ನಮ್ಮ ಶೆಡ್ಡಿಂದೇ ಐತಿ. ಅದರ ಜಿಪ್ಪೂ ಬಿಚ್ಚಿಬಿಡ್ಲೇನ್ರಿ?"

ಇಡೀ ಶೆಡ್ಡು ನಕ್ಕಿತು. ಅಲ್ಲಿಂದಲೇ ವ್ಯಾಪಾರಿಗೆ ಫೋನು ಮಾಡಿ, ಈ ಷರತ್ತಿಗೆ ಬಳ್ಳಾರಿಯ ಮಾಲು ಸಿಗುವುದಿಲ್ಲ ಎಂದೆ. ಇದನ್ನು ಮೊದಲೇ ಹೇಳಬಹುದಿತ್ತು. ಹೇಳಿರಲಿಲ್ಲ. ಅವತ್ತು ನನ್ನ ಮಾನ ಮುಚ್ಚಿದ್ದು ಖಾಜಾಸಾಬರು ಹಚ್ಚಿದ ಜಿಪ್ಪೊಂದೇ.